ಗೇಣಗಲದ ಅಂಗಡಿಗೆ ಮಳೆಗಾಲ

ಪೆರುಂಬಾಡಿ ಗೇಟು ದಾಟಿ ಘಾಟಿ ಇಳಿಯತೊಡಗಿದರೆ ಜೂನ್ ತಿಂಗಳಲ್ಲಿ ಮಾಕುಟ್ಟದವರೆಗೂ ಒಣಗಿದ್ದು ಒಂದೂ ಕಣ್ಣಿಗೆ ಬೀಳುವುದಿಲ್ಲ. ಮೈಲಿಗಲ್ಲಿನ ಮೇಲೆ ಪಾಚಿ, ಮೋರಿಯ ಕಟ್ಟೆಯ ಮೇಲೆ ಪಾಚಿ, ನಿಲ್ಲಿಸಿಟ್ಟು ಮರೆತ ಜೀಪಿನ ಕಿಟಕಿ ರಬ್ಬರಿನಲ್ಲೂ ಪಾಚಿ. ಕೆಳಗೆ ಬಾರಾಪೊಳೆ, ಅದರಾಚೆ ಕೂಟುಪುಳ, ಇರಿಟ್ಟಿ, ಕಣ್ಣೂರು. ಮೇಲೆ ಬ್ರಹ್ಮಗಿರಿಯ ಕಾಡು. ನಾನು ಹುಡುಗನಾಗಿದ್ದಾಗ ಈ ದಾರಿಯ ಬದಿಯಲ್ಲಿ ಒಂದು ಗೂಡಂಗಡಿ ಇತ್ತು. ಎಂಟಡಿ ಅಗಲ, ಹತ್ತಡಿ ಉದ್ದ. ಮೂರು ಬದಿಗೆ ಸಿಲ್ವರ್ ಓಕ್ ಹಲಗೆ, ಮಳೆ ಹೊಡೆಯುವ ಬದಿಗೆ ಚಪ್ಪಟೆ ಬಡಿದ ಡಾಂಬರು ಡ್ರಮ್ಮು, ಮಾಡಿಗೆ ತಗಡು, ತಗಡಿನ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ಎರಡು ಹಳೆ ಟಯರು. 2018ರ ಜೂನಿನಲ್ಲಿ ಗುಡ್ಡ ಕುಸಿದು ಈ ರಸ್ತೆ ಮುಚ್ಚುವ ಎಷ್ಟೋ ವರ್ಷ ಮೊದಲೇ ಆ ಅಂಗಡಿ ತನ್ನಷ್ಟಕ್ಕೆ ತಾನು ಕುಸಿದಿತ್ತು. ನನ್ನ ಬಳಿ ಇರುವುದು ಒಂದೇ ಫೋಟೋ. ಅದರಲ್ಲೂ ಅರ್ಧ ಅಂಗಡಿಗೆ ನಮ್ಮ ಮಾವ ಅಡ್ಡ ನಿಂತಿದ್ದಾರೆ.

ಆ ಅಂಗಡಿಯನ್ನು ಗೇಣಗಲದ ಹಲಗೆಯ ಮೇಲೆ ಮತ್ತೆ ಕಟ್ಟಬೇಕೆಂದು ಹೊರಟವನಿಗೆ ಕಟ್ಟುವುದು ಕಷ್ಟವಾಗಲಿಲ್ಲ, ಹಳತು ಮಾಡುವುದು ಕಷ್ಟವಾಯಿತು. ಮರದ ಗುಡಿಸಲಿನ ಕಿರುಮಾದರಿಗೆ ವಯಸ್ಸು ತುಂಬುವುದು ಹೇಗೆ ಎಂಬ ಬಗ್ಗೆ ಲೋಕದಲ್ಲಿ ಸಾಕಷ್ಟು ವಿದ್ಯೆ ಬೆಳೆದಿದೆ. ಆದರೆ ಅದರಲ್ಲಿ ಬಹುಪಾಲು ಬಿಸಿಲು ಸೀಮೆಯ ವಿದ್ಯೆ. ಹಾಗಾಗಿ ಆ ವಿದ್ಯೆಯಲ್ಲಿ ಯಾವುದು ನಮ್ಮ ಘಾಟಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಒಂದೊಂದಾಗಿ ನೋಡಬೇಕಾಯಿತು.

ಇಂಥ ಕಿರುಮಾದರಿಗೆ ಹೇಳುವ ಡಯೋರಮಾ ಎಂಬ ಹೆಸರು ಹುಟ್ಟಿದ್ದು 1822ರ ಪ್ಯಾರಿಸ್ಸಿನಲ್ಲಿ. ಮುಂದೆ ಫೋಟೋಗ್ರಫಿಯಿಂದ ಹೆಸರಾದ ದಗೇರ್ ಮತ್ತು ಅವನ ಜೊತೆಗಾರ ಬುತೋ ದೊಡ್ಡ ಬಟ್ಟೆಯ ಮೇಲೆ ಬರೆದ ಚಿತ್ರಕ್ಕೆ ಹಿಂದಿನಿಂದ ಮುಂದಿನಿಂದ ಬೆಳಕು ಬಿಟ್ಟು, ಹಗಲು ರಾತ್ರಿಯಾಗುವುದನ್ನು ಟಿಕೇಟಿಟ್ಟು ತೋರಿಸಿದರು. ಆಮೇಲೆ ಆ ಹೆಸರು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗೆ ಬಂತು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ ನೋಡುವುದು ಇದೇ ಜಾತಿಯ ಕೆಲಸವನ್ನು. ಮೇಜಿನ ಮೇಲಿನ ಡಯೋರಮಾ ಬೆಳೆದದ್ದು ಆಟಿಕೆ ರೈಲಿನವರ ಮತ್ತು ಯುದ್ಧ ಟ್ಯಾಂಕಿನವರ ಕೈಯಲ್ಲಿ. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಜಾನ್ ಆ್ಯಲೆನ್ ಎಂಬಾತ ತನ್ನ ಪುಟ್ಟ ರೈಲುದಾರಿಯ ಗಾಡಿಗಳಿಗೂ ಶೆಡ್ಡುಗಳಿಗೂ ಬೇಕೆಂದೇ ಮಸಿ, ಧೂಳು, ತುಕ್ಕು ಹಿಡಿಸಿದ. ಹೊಳೆಯುವ ಹೊಸ ಆಟಿಕೆಯೇ ಚೆಂದ ಎಂದುಕೊಂಡಿದ್ದವರು ಬೆಚ್ಚಿದರು, ಆಮೇಲೆ ಎಲ್ಲರೂ ಅವನನ್ನೇ ಹಿಂಬಾಲಿಸಿದರು. 1980ರಲ್ಲಿ ಶೆಪರ್ಡ್ ಪೇನ್ ಡಯೋರಮಾ ಕಟ್ಟುವ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಈ ಹವ್ಯಾಸದವರು ಇವತ್ತಿಗೂ ಅದನ್ನು ಕೈಗೆತ್ತಿಕೊಳ್ಳುತ್ತಾರೆ.

ನಮ್ಮಲ್ಲಿ ಕಿರುಮಾದರಿ ಇಲ್ಲದೆ ಇಲ್ಲ. ಮೈಸೂರು ಸೀಮೆಯ ದಸರಾ ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ ಮೊಳೆ ಬರಿಸಿ ಹಸಿರು ಮಾಡಿ, ಕನ್ನಡಿ ಚೂರಿಟ್ಟು ಕೆರೆ ಮಾಡಿ, ಬೆಂಕಿಪೊಟ್ಟಣದ ಮನೆ ಇಡುವುದು ಡಯೋರಮಾ ಅಲ್ಲದೆ ಇನ್ನೇನು? ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು 1792ರಷ್ಟು ಹಳೆಯದು. ಡಿಸೆಂಬರು ಬಂತೆಂದರೆ ಆ ಸುತ್ತಿನ ಕ್ರೈಸ್ತರ ಮನೆಗಳಲ್ಲಿ ಗೋದಲಿ ಏಳುತ್ತದೆ. ಹುಲ್ಲಿನ ಮಾಡು, ಮರದ ಕಂಬ, ಒಳಗೆ ದನ, ಕುರಿ, ಬಾಲಯೇಸು. 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಜೀವಂತ ದನ ಕತ್ತೆ ನಿಲ್ಲಿಸಿ ಮಾಡಿದ್ದು ನಮ್ಮಲ್ಲಿ ಕರಾವಳಿ, ಕೊಡಗುಗಳ ಅತ್ಯಂತ ಸಾಮಾನ್ಯ ಮರದ ಗುಡಿಸಲಿನ ಮಾದರಿಯಾಗಿದೆ. ಆದರೆ ಒಂದು ಮಾತು. ಗೊಂಬೆಮನೆಯಾಗಲಿ ಗೋದಲಿಯಾಗಲಿ ಯಾವಾಗಲೂ ಹೊಸದು. ಹುಲ್ಲು ಹೊಸದು, ಬಣ್ಣ ಹೊಸದು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದು ನೆಲ ಸಾರಿಸುವ ನಾಡಿನಲ್ಲಿ ಪುಟ್ಟ ಮನೆಗೆ ಬೂಷ್ಟು ಬಳಿಯುವುದು ಯಾರಿಗೂ ತೋಚುವುದಿಲ್ಲ. ನನ್ನ ಅತ್ತಿಗೆ ಮೊದಲ ಸಲ ನೋಡಿದಾಗ, “ಇಷ್ಟು ಚೆಂದ ಕಟ್ಟಿ ಯಾಕೆ ಹಾಳು ಮಾಡಿದ್ದು ನೀವು? ಮನೆಯೊಳಗೆ ಇಡಬೇಡಿ ಅದನ್ನ” ಅಂದರು. ನಮ್ಮಲ್ಲಿ ಹೊಸದನ್ನು ಹಳತು ಮಾಡುವುದನ್ನೇ ಕಸುಬಾಗಿ ಬಲ್ಲವರೆಂದರೆ ಸಿನಿಮಾ, ನಾಟಕದ ಕಲಾ ನಿರ್ದೇಶಕರು. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದಾಗ ಜಾನ್ ದೇವರಾಜ್ ಆ ಮಲೆನಾಡ ಊರನ್ನೇ ಹಿಂದಿನ ಕಾಲದ ಮಾಲ್ಗುಡಿಯಾಗಿ ಮಾಡಬೇಕಾಯಿತು. ಆದರೆ ಆ ಕೆಲಸದಲ್ಲಿ ಹಲಗೆ ನಿಜ ಅಳತೆಯದ್ದು. ಅಳತೆ ಕುಗ್ಗಿದ ಕೂಡಲೇ ಲೆಕ್ಕವೆಲ್ಲ ತಿರುಗಿಬೀಳುತ್ತದೆ.

ಅಳತೆಯ ಮಾತು ಬೇಗ ಮುಗಿಸುತ್ತೇನೆ. ರೈಲಿನವರು 1:87 ಮತ್ತು 1:48 ಬಳಸುತ್ತಾರೆ, ಟ್ಯಾಂಕಿನವರು 1:35. ನಾನು ಹಿಡಿದದ್ದು 1:24. ಕಾರಣ ಸರಳ: ಅಡಿಗೆ ಅರ್ಧ ಇಂಚು. ನಮ್ಮ ಆಚಾರಿಗಳ ಬಾಯಲ್ಲಿ ಇವತ್ತಿಗೂ ಅಡಿ, ಇಂಚು, ನೂಲು. ಎಂಟಡಿ ತಗಡಿಗೆ ನಾಲ್ಕಿಂಚು, ಆರಡಿ ಬಾಗಿಲಿಗೆ ಮೂರಿಂಚು, ಆರಿಂಚಿನ ಹಲಗೆಗೆ ಕಾಲು ಇಂಚು. ಐಸ್‌ಕ್ರೀಮ್ ಕಡ್ಡಿ ಎಲ್ಲರ ಕೈಗೂ ಸಿಗುವ ಮರ, ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಅದರ ಅಗಲ ಸುಮಾರು 10 ಮಿಲಿಮೀಟರು, ದಪ್ಪ 2. ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಿ: ಒಂಬತ್ತೂವರೆ ಇಂಚು ಅಗಲ, ಸುಮಾರು ಎರಡಿಂಚು ದಪ್ಪದ ಹಲಗೆ. ಅಂಥ ಹಲಗೆ ಐನ್‌ಮನೆಯ ಅಟ್ಟಕ್ಕೆ ಸರಿ, ಗೂಡಂಗಡಿಗಲ್ಲ. ಅದನ್ನು ಉದ್ದಕ್ಕೆ ಸೀಳಿ, ಅರ್ಧ ದಪ್ಪಕ್ಕೆ ಉಜ್ಜಬೇಕು. ಕಾಫಿ ಕಲಕುವ ತೆಳು ಕಡ್ಡಿ ಹೆಚ್ಚು ಹತ್ತಿರ. ಬೆಂಕಿಕಡ್ಡಿ ರೀಪಿಗೆ ಹೇಳಿ ಮಾಡಿಸಿದ್ದು. ಬಾಲ್ಸಾ ಮರವನ್ನು ಹೊಗಳುವವರಿದ್ದಾರೆ. ನನಗೆ ಅದು ಕೈಗೆ ಬೂರುಗದ ಹತ್ತಿಯಂತೆ ಸಿಕ್ಕಿತು: ಬ್ಲೇಡು ತಾಗಿದರೆ ನಾರು ಏಳುತ್ತದೆ, ಬಣ್ಣ ಕುಡಿದರೆ ಮೈಯೆಲ್ಲ ರೋಮ.

ಮರವೇ ಬೇಡ, ಪ್ಲಾಸ್ಟಿಕ್ ಹಾಳೆಗೆ ಗೀರು ಹಾಕಿ ಮರ ಮಾಡು ಎನ್ನುವ ಒಂದು ಪಂಗಡವೂ ಇದೆ. ಅವರ ವಾದದಲ್ಲಿ ಹುರುಳಿದೆ. ಕಡ್ಡಿಯ ನಾರು ಕಡ್ಡಿಯ ಅಳತೆಯದ್ದೇ ಹೊರತು ಮಾದರಿಯ ಅಳತೆಯದ್ದಲ್ಲ, ಇಪ್ಪತ್ತನಾಲ್ಕು ಪಟ್ಟು ಒರಟು. ಆದರೂ ನಾನು ಮರದ ಕಡೆಗೇ ಬಂದೆ. ಕಾರಣ ಮರ ನೀರು ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಮಾಕುಟ್ಟದ ಅಂಗಡಿಯ ಕಥೆಯೆಲ್ಲ ನೀರು ಕುಡಿದ ಕಥೆ.

ಎಲ್ಲ ಪುಸ್ತಕಗಳೂ ಹೇಳುವ ಮೊದಲ ಪಾಠವೆಂದರೆ ಬೂದಿ ಬಣ್ಣ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ವಿನಿಗರಿನಲ್ಲಿ ಎರಡು ಮೂರು ದಿನ ನೆನೆಸಿಟ್ಟು, ಆ ನೀರನ್ನು ಮರಕ್ಕೆ ಬಳಿ ಎನ್ನುತ್ತಾರೆ. ಬಳಿದೆ. ಐಸ್‌ಕ್ರೀಮ್ ಕಡ್ಡಿ ಹಾಗೇ ಇತ್ತು, ಸ್ವಲ್ಪ ಹಳದಿ ತಿರುಗಿತು ಅಷ್ಟೇ. ಆ ನೀರಿನಲ್ಲಿರುವ ಕಬ್ಬಿಣ ಕಪ್ಪಾಗುವುದು ಮರದ ಒಗರಿನ ಜೊತೆ ಸೇರಿದಾಗ ಮಾತ್ರ, ಆ ಬಿಳಿ ಕಡ್ಡಿಯಲ್ಲಿ ಒಗರೇ ಇಲ್ಲ. ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಕುಡಿಸಿ, ಒಣಗಿಸಿ, ಆಮೇಲೆ ಬಳಿದರೆ ಕಣ್ಣೆದುರೇ ಬೂದಿ, ಹತ್ತು ನಿಮಿಷದಲ್ಲಿ ಕಪ್ಪು. ಇದನ್ನು ಕಂಡು ವಿದೇಶದ ವಿದ್ಯೆ ಎಂದು ಹಿಗ್ಗಿದೆ. ಆಮೇಲೆ ನೆನಪಾಯಿತು: ಅಳಲೆಕಾಯಿಯ ಒಗರಿಗೆ ಕಬ್ಬಿಣ ಕೂಡಿಸಿ ಶಾಯಿ ಮಾಡುತ್ತಿದ್ದವರು ನಮ್ಮವರೇ. ಕಲಂಕಾರಿಯವರ ಕಪ್ಪು ಕೂಡ ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ಕೊಳೆಸಿದ ನೀರೇ. ಈಗ ನಾನು ಚಹಾದ ಬದಲು ಅಳಲೆಕಾಯಿ ಕಷಾಯವನ್ನೇ ಹಚ್ಚುತ್ತೇನೆ, ಬಣ್ಣ ಇನ್ನೂ ಆಳ ಬರುತ್ತದೆ. ಒಂದು ಎಚ್ಚರ: ಅಂಟು ಹಾಕುವ ಮೊದಲೇ ಎಲ್ಲ ಹಲಗೆಗೂ ಬಣ್ಣ ಕುಡಿಸಿಬಿಡಬೇಕು. ಅಂಟು ಸೋರಿದ ಜಾಗ ಆಮೇಲೆ ಏನೂ ಕುಡಿಯುವುದಿಲ್ಲ, ತೊನ್ನಿನಂತೆ ಬೆಳ್ಳಗೆ ಉಳಿಯುತ್ತದೆ.

ಎರಡನೆಯ ಪಾಠ ಹಿತ್ತಾಳೆ ಬ್ರಷ್ಷು. ಹಲಗೆಯನ್ನು ಉದ್ದಕ್ಕೂ ಉಜ್ಜಿ ನಾರು ಎಬ್ಬಿಸಿ, ಏಣು ಕುಳಿ ಮಾಡಿ ಎನ್ನುತ್ತಾರೆ. ಚಿತ್ರದಲ್ಲಿ ಬಲು ಚೆಂದ. ಆದರೆ ಲೆಕ್ಕ ಹಾಕಿ ನೋಡಿದೆ. ಬಿಸಿಲಿನ ನೇರಳಾತೀತ ಕಿರಣ ಮರದ ಲಿಗ್ನಿನ್ ಎಂಬ ಅಂಟುಪದಾರ್ಥವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಪೈನ್‌ನಂಥ ಮೆದು ಮರ ಹೀಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರು. 1:24ರಲ್ಲಿ ಅದು ಕಾಲು ಮಿಲಿಮೀಟರು. ಹಿತ್ತಾಳೆ ಬ್ರಷ್ಷಿನ ನಾಲ್ಕು ಎಳೆತಕ್ಕೆ ಅಷ್ಟು ಹೋಗಿರುತ್ತದೆ. ಅಂದರೆ ಭಾನುವಾರ ಮಧ್ಯಾಹ್ನ ಕೂತು ಉಜ್ಜಿದವನು ತನ್ನ ಗುಡಿಸಲಿಗೆ ಮೂರು ನಾಲ್ಕು ಶತಮಾನ ದಾಟಿಸಿರುತ್ತಾನೆ! ಅಮೆರಿಕದ ಒಣ ಬಯಲಿನ ಕೊಟ್ಟಿಗೆ ನೂರು ವರ್ಷ ನಿಂತೀತು. ಮಾಕುಟ್ಟದ ಗೂಡಂಗಡಿ ಹತ್ತು ಹದಿನೈದು ಮಳೆಗಾಲ ಕಂಡರೆ ದೊಡ್ಡದು. ಸವೆಯುವಷ್ಟು ಆಯುಸ್ಸು ಅದಕ್ಕಿಲ್ಲ, ಅದಕ್ಕೂ ಮೊದಲೇ ಕೊಳೆಯುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಪುಸ್ತಕವಲ್ಲ. ನಮ್ಮ ಲೈನ್ ಮನೆಗಳ ರೀಪು, ಬಾಗಿಲು ರಿಪೇರಿಗೆ ಬರುತ್ತಿದ್ದ ವಯಸ್ಸಾದ ಆಚಾರಿಯವರಿಗೆ ನನ್ನ ಮೊದಲ ಗುಡಿಸಲನ್ನು ತೋರಿಸಿದ್ದೆ. ಬೂದಿ ಬಣ್ಣದ, ಏಣೆದ್ದ, ಬಿರುಕು ಬಿಟ್ಟ ಹಲಗೆಗಳು. ಕನ್ನಡಕ ಸರಿಮಾಡಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಇದು ನಮ್ಮ ಕಡೆ ಮರ ಅಲ್ಲ ಸಾರ್.”

“ಯಾಕೆ ಆಚಾರ್ರೇ?”

“ಇದು ಬಿಸಿಲಲ್ಲಿ ಸತ್ತ ಮರ. ನಮ್ಮಲ್ಲಿ ಮರ ಬಿಸಿಲಿಗೆ ಎಲ್ಲಿ ಸಾಯ್ತದೆ? ನೀರು ನಿಂತಲ್ಲಿ ಸಾಯೋದು. ನೀರು ಎಲ್ಲಿ ಇಳೀತದೆ, ಎಲ್ಲಿ ನಿಲ್ತದೆ ನೋಡಿ ಬಣ್ಣ ಹಚ್ಚಿ.”

ಅಲ್ಲಿಂದ ಮುಂದೆ ನಾನು ಬ್ರಷ್ಷು ಹಿಡಿಯುವ ಮೊದಲು ಒಂದು ಕೆಲಸ ಮಾಡುತ್ತೇನೆ. ಮಾದರಿಯ ಮಾಡಿನ ಮೇಲೆ ಪಿಚಕಾರಿಯಲ್ಲಿ ನಿಜವಾದ ನೀರನ್ನೇ ಬಿಟ್ಟು ನೋಡುತ್ತೇನೆ. ತಗಡಿನ ಕುಳಿಯಲ್ಲಿ ಇಳಿದು ಸೂರಂಚಿಗೆ ಬಂದು ತೊಟ್ಟಿಕ್ಕುತ್ತದೆ. ಟಯರಿನ ಹಿಂದೆ ನಿಲ್ಲುತ್ತದೆ. ಡ್ರಮ್ಮಿನ ಜೋಡಣೆಯಲ್ಲಿ ನುಸುಳುತ್ತದೆ. ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮರದ ವಿಜ್ಞಾನವೂ ಆಚಾರಿಯ ಮಾತನ್ನೇ ಹೇಳುತ್ತದೆ. ಕೊಳೆಸುವ ಶಿಲೀಂಧ್ರ ಬೆಳೆಯಲು ಮರದಲ್ಲಿ ಹೆಚ್ಚು ಕಡಿಮೆ ನೂರಕ್ಕೆ 30ರಷ್ಟು ತೇವ ಬೇಕು, 20ಕ್ಕಿಂತ ಕೆಳಗಿದ್ದರೆ ಮರ ಕ್ಷೇಮ. ನಾರಿನ ಉದ್ದಕ್ಕೆ ನೀರು ಹತ್ತುವಷ್ಟು ಬೇಗ ಅಡ್ಡಕ್ಕೆ ಹತ್ತುವುದಿಲ್ಲ. ಹಾಗಾಗಿ ಹಲಗೆಯ ನಡುಭಾಗ ಗಟ್ಟಿ ಇರುವಾಗಲೇ ಗರಗಸ ಕೊಯ್ದ ತುದಿ ಕಪ್ಪಾಗಿರುತ್ತದೆ. ನೆಟ್ಟ ಹಲಗೆಯಾದರೆ ಕೆಳತುದಿ, ಅಡ್ಡ ಹಲಗೆಯಾದರೆ ಒಂದರ ಮೇಲೊಂದು ಕೂತ ಸಂದು. ಕಂಬ ಕೊಳೆಯುವುದು ನೆಲಮಟ್ಟದಲ್ಲಿ, ಅಲ್ಲಿ ನೀರೂ ಉಂಟು ಗಾಳಿಯೂ ಉಂಟು. ಅದಕ್ಕೇ ಬುಡಕ್ಕೆ ಗೇರೆಣ್ಣೆಯನ್ನೋ ಗಾಡಿಯ ಕರಿ ಎಣ್ಣೆಯನ್ನೋ ಬಳಿಯುವುದು. ಮಾದರಿಯಲ್ಲಿ ಆ ಎಣ್ಣೆಯ ಕಪ್ಪಿಗೆ ತುಸು ಹೊಳಪಿರಬೇಕು, ಕೊಳೆತ ಕಪ್ಪಿಗೆ ಹೊಳಪಿರಬಾರದು. ಎರಡೂ ಕಪ್ಪೇ, ಆದರೆ ಒಂದು ಮನುಷ್ಯ ಬಳಿದದ್ದು, ಇನ್ನೊಂದು ಮಳೆ ಬಳಿದದ್ದು.

ಸೂರಂಚಿನ ಕೆಳಗಿನ ನೆಲವನ್ನು ನಾನು ಕಂಡ ವಿದೇಶಿ ಮಾದರಿಗಳಲ್ಲಿ ಯಾರೂ ಸರಿಯಾಗಿ ತೋರಿಸಿಲ್ಲ. ಅಲ್ಲಿ ಹನಿ ಬಿದ್ದು ಬಿದ್ದು ಸಾಲಾಗಿ ಕುಳಿಗಳಾಗಿರುತ್ತವೆ, ತಗಡಿನ ಒಂದೊಂದು ಕುಳಿಗೆ ನೆಲದಲ್ಲಿ ಒಂದೊಂದು. ಮೂರಿಂಚಿಗೊಂದರಂತೆ ಲೆಕ್ಕ ಹಿಡಿದರೆ ಮಾದರಿಯಲ್ಲಿ 3 ಮಿಲಿಮೀಟರಿಗೊಂದು. ಕುಳಿಯ ತಳದಲ್ಲಿ ಮಣ್ಣು ತೊಳೆದುಹೋಗಿ ಸಣ್ಣ ಕಲ್ಲು ಎದ್ದಿರುತ್ತವೆ. ಆ ಹನಿ ಎಬ್ಬಿಸಿದ ಕೆಂಪು ಕೆಸರು ಗೋಡೆಯ ಬುಡಕ್ಕೆ ಸಿಡಿದು ಒಂದು ಒಂದೂವರೆ ಅಡಿ ಎತ್ತರಕ್ಕೆ ಹತ್ತಿರುತ್ತದೆ. ಮೇಲೆ ಹೋದಷ್ಟೂ ಚುಕ್ಕೆ ವಿರಳ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಘಾಟಿಯ ಕೆಮ್ಮಣ್ಣು ಅದ್ದಿ, ಹೆಬ್ಬೆರಳಲ್ಲಿ ಮೀಟಿ, ಅರ್ಧದಿಂದ ಮುಕ್ಕಾಲು ಇಂಚಿನ ಎತ್ತರಕ್ಕೆ ಸಿಡಿಸಿದೆ. ಅಷ್ಟೇ ಮಾಡಿದ್ದು. ಬೇರೆ ಯಾವ ಬಣ್ಣವೂ ಕೊಡದ ಮಳೆಯನ್ನು ಅದು ಕೊಟ್ಟಿತು.

ತಗಡು, ಟಾರ್ಪಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಂಪು ಪಾನೀಯದ ಡಬ್ಬಿಯನ್ನು ಕತ್ತರಿಸಿ ಸಾಲು ಗೀರಿನ ಹಲಗೆಯ ಮೇಲೊತ್ತಿದರೆ ತಗಡು. ತುಕ್ಕು ಎಲ್ಲೆಂದರಲ್ಲಿ ಬಳಿಯಬಾರದು: ಸತು ಮೊದಲು ಸೋಲುವುದು ಮೊಳೆ ತೂತಿನಲ್ಲಿ, ಕತ್ತರಿಸಿದ ಅಂಚಿನಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತಲ್ಲಿ. ಪ್ಲಾಸ್ಟಿಕ್ ಚೀಲದಿಂದ ಟಾರ್ಪಾಲು ಮಾಡುವವರು ಒಂದು ಗುಣಾಕಾರ ಮಾಡಲಿ, 50 ಮೈಕ್ರಾನಿನ ಚೀಲ 1:24ರಲ್ಲಿ ಮಿಲಿಮೀಟರಿಗೂ ಮೀರಿದ ದಪ್ಪ. ಅದು ಮಡಿಕೆ ಬೀಳದೆ ಸೆಟೆದು ನಿಲ್ಲುತ್ತದೆ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ಹೊದಿಸಿ, ಒಣಗಿದ ಮೇಲೆ ನೀಲಿ ಹಚ್ಚಿದರೆ ರೀಪಿನ ನಡುವೆ ಜೋತು ಬಿದ್ದು ನೀರು ನಿಲ್ಲುವ ಹೊಂಡವೂ ತಾನಾಗಿ ಆಗುತ್ತದೆ. ಬಣ್ಣ ಎದ್ದುಹೋದ ಬಾಗಿಲಿಗೆ ಉಪ್ಪಿನ ಉಪಾಯ ಇದೆ: ಒದ್ದೆ ಮಾಡಿ ಉಪ್ಪು ಉದುರಿಸಿ, ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಜ್ಜಿದರೆ ಹಕ್ಕಳೆ ಎದ್ದಂತೆ ಕೆಳಗಿನ ಮರ ಕಾಣುತ್ತದೆ. ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಅಂಗಡಿಗೆ ಬಣ್ಣ ಹೊಡೆದವರು ಯಾರು?

ಪಾಚಿಗೆ ಬಂದರೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ಹಿತ್ತಲಲ್ಲಿ ನಿಜವಾದ ಪಾಚಿ ಬೇಕಾದಷ್ಟಿರುವಾಗ ಬಣ್ಣ ಯಾಕೆ ಎಂದು ಕಿತ್ತು ತಂದು ಅಂಟಿಸಿದೆ. ಒಂದು ಸೆಂಟಿಮೀಟರಿನ ಪಾಚಿ ಆ ಮಾಡಿನ ಮೇಲೆ ಮುಕ್ಕಾಲಡಿ ಎತ್ತರದ ಪೊದೆಯಾಗಿ ನಿಂತಿತು. ನಿಜವಾದ ಪಾಚಿ ಎರಡು ಸೆಂಟಿಮೀಟರು ಎತ್ತರವಿದ್ದರೆ ಮಾದರಿಯಲ್ಲಿ ಮಿಲಿಮೀಟರೂ ಇರಬಾರದು. ಹಾಗಾಗಿ ಪಾಚಿಗೆ ಬಣ್ಣದ ಪುಡಿಯೇ ಸರಿ, ಅದೂ ಬರೀ ಹಸಿರಲ್ಲ. ಜೂನಿನ ಹಸಿರು ಬೇರೆ, ಫೆಬ್ರವರಿಯಲ್ಲಿ ಸುಟ್ಟು ಕಂದಾಗಿ ಉದುರುವ ಹಸಿರು ಬೇರೆ. ಘಾಟಿಯ ಗೋಡೆ, ಮರದ ಕಾಂಡಗಳ ಮೇಲೆ ಕಿತ್ತಳೆ ಬಣ್ಣದ ಒಂದು ಲೇಪ ಕಾಣುತ್ತದಲ್ಲ, ತುಕ್ಕೆಂದು ಹಲವರು ತಿಳಿಯುತ್ತಾರೆ. ಅದು ಟ್ರೆಂಟೆಪೋಲಿಯಾ ಎಂಬ ಶೈವಲ. ಅದನ್ನು ಹಚ್ಚಲು ಅರಿಸಿನ ಬಳಸಿದರೆ ಬೆಳಕಿಗೆ ಕೆಲವೇ ದಿನದಲ್ಲಿ ಬಿಳಿಚಿಕೊಳ್ಳುತ್ತದೆ, ಪೋಸ್ಟರ್ ಕಲರೇ ಲೇಸು. ಕಂಬದ ಮೇಲಿನ ಗೆದ್ದಲು ದಾರಿಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಮಣ್ಣಿನ ಗೆರೆಯಾಗಿ ಎಳೆಯಬಹುದು. ಕೂದಲೆಳೆಯಷ್ಟು ಸಣ್ಣಗೆ ಬಂದರೆ ಸರಿ, ಬೆರಳಿಗೆ ತಾಕುವಂತಿದ್ದರೆ ಅದು ಹಾವು.

ದಿಕ್ಕು ಮರೆಯಬಾರದು. ಮುಂಗಾರು ಕಣ್ಣೂರಿನ ಕಡೆಯಿಂದ ಘಾಟಿ ಹತ್ತುತ್ತದೆ, ಆ ಬದಿಯ ಗೋಡೆಗೆ ಕಪ್ಪು, ಹಸಿರು. ಬೆಳಗಿನ ಬಿಸಿಲು ತಾಗುವ ಬದಿಗೆ ಮಾತ್ರ ಆ ಪುಸ್ತಕದ ಬೂದಿ ಸಲ್ಲುತ್ತದೆ. ಸೂರಿನ ಕೆಳಗೆ ನೀರೇ ತಾಗದ ಒಂದಡಿ ಪಟ್ಟಿ ಮರದ ಮೂಲ ಬಣ್ಣದಲ್ಲೇ ಉಳಿದಿರುತ್ತದೆ. ಒಳಗೆ ಒಲೆಯ ಹೊಗೆ ಹಿಡಿದ ರೀಪು ಬೇರೆಯೇ ಕಪ್ಪು. ಹೊಗೆ ಕುಡಿದ ಮರಕ್ಕೆ ಹುಳ ಹಿಡಿಯುವುದು ಕಡಿಮೆ, ಆದ್ದರಿಂದ ಹೊರಗೆ ಕೊಳೆತ ಅಂಗಡಿಯ ಒಳಮಾಡು ಗಟ್ಟಿಯಾಗಿಯೇ ಇರುತ್ತದೆ. ನಾಲ್ಕು ಗೋಡೆಗೂ ಒಂದೇ ಹಳೆತನ ಹಚ್ಚಿದ ಮಾದರಿಯನ್ನು ಕಂಡರೆ ನನಗೆ ನಾಟಕದ ಅಜ್ಜನ ಗಡ್ಡ ನೆನಪಾಗುತ್ತದೆ.

ಕಳೆದ ವರ್ಷ ನೆಲಕ್ಕೆ ಮಣ್ಣು ಹಾಸುವಾಗ ಕಾಫಿ ಗಸಿ ಬಳಸಿದ್ದೆ. ಬಣ್ಣ, ಕಣ ಎರಡೂ ಹೊಂದಿದ್ದವು, ಮನೆಯಲ್ಲಿ ದಿನವೂ ಸಿಗುವ ಮಾಲು ಬೇರೆ. ಬಿಸಿಲಿಗೆ ಒಣಗಿಸಿದ್ದೆ, ಆದರೆ ಕೊಡಗಿನ ಮೇ ತಿಂಗಳ ಬಿಸಿಲನ್ನು ನಂಬಿ. ಜುಲೈ ಎರಡನೆಯ ವಾರ ಗಾಜಿನ ಮುಚ್ಚಳ ತೆಗೆದಾಗ ಅಂಗಡಿಯ ಮುಂದೆ ಬೆಳ್ಳಗೆ ನಯವಾದ ಬೂಷ್ಟು ಎದ್ದಿತ್ತು. ಅಂಟು ಸೋರಿದ ಹಿಂಬದಿ ಹಲಗೆಗೂ ಹತ್ತಿ, ಸಂದಿನಲ್ಲಿ ನಾನು ಮೂರು ದಿನ ಕೂತು ಹಚ್ಚಿದ ಕಪ್ಪಿನ ಪಕ್ಕದಲ್ಲೇ ತಾನೂ ಒಂದು ಕಪ್ಪು ಗೆರೆ ಎಳೆದಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಅದು ಎಳೆದ ಗೆರೆ ನನ್ನದಕ್ಕಿಂತ ಸಣ್ಣದು, ನೀರು ನಿಂತಿದ್ದ ಜಾಗದಲ್ಲೇ ಸರಿಯಾಗಿ ಇತ್ತು. ನೆಲದ ಬೂಷ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹಿಂಬದಿಯದ್ದನ್ನು ಹಾಗೇ ಬಿಟ್ಟೆ. ಅತ್ತಿಗೆ ಈಗ ಅದನ್ನು ಹೊರಗಿನ ಜಗಲಿಯಲ್ಲಿ ಇಡಲು ಒಪ್ಪಿದ್ದಾರೆ, ಮಳೆ ಎರಚಲು ಬಾರದ ಮೂಲೆಯಲ್ಲಿ.